ಅರ್ಜಿಯಲ್ಲಿ ಖಾಲಿ ಉಳಿದ ಸಾಲು

ಹನ್ನೊಂದನೆಯ ಅರ್ಜಿಗೆ ಫೋಟೊ ಅಂಟಿಸುವ ಹೊತ್ತಿಗೆ ಗೋಂದಿನ ಬಾಟಲಿಯ ಬಾಯಿ ಮತ್ತೆ ಕಟ್ಟಿಕೊಂಡಿತು. ಸೀಲಮ್ಮ ತಲೆಯಿಂದ ಪಿನ್ನು ಕಿತ್ತು ಅದರ ಮೂತಿಗೆ ಚುಚ್ಚಿದಳು, ಕರವಸ್ತ್ರಕ್ಕೆ ಒರೆಸಿದಳು, ಮರಳಿ ಕೂದಲಿಗೆ ಸಿಕ್ಕಿಸಿಕೊಂಡಳು. ಭಾನುವಾರದ ಎರಡನೆಯ ಪೂಜೆ ಬಿಟ್ಟು ಕಾಲು ಗಂಟೆಯೂ ಆಗಿರಲಿಲ್ಲ. ಆಗಲೇ ಸಾಲು ಕಚೇರಿಯ ಬಾಗಿಲು ದಾಟಿ ಚರ್ಚಿನ ಮೆಟ್ಟಿಲವರೆಗೆ ಬೆಳೆದಿತ್ತು.

ಹೆತ್ತವರು ಅವಳಿಗೆ ಇಟ್ಟ ಹೆಸರು ಬೇರೆ. ಹದಿನಾಲ್ಕು ವರ್ಷ ಧರ್ಮಕೇಂದ್ರದ ಕಚೇರಿಯಲ್ಲಿ ಇದೇ ಮೇಜಿನ ಹಿಂದೆ ಕೂತು, ಬಂದ ಕಾಗದಕ್ಕೆಲ್ಲ ಸೀಲು ಒತ್ತಿ ಒತ್ತಿ ಈ ಹೆಸರು ಅಂಟಿಕೊಂಡಿತ್ತು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು. ಈಗ ಫಾದರ್ ಕೂಡ ಮೈಮರೆತು ‘ಸೀಲಮ್ಮಾ’ ಎಂದು ಕೂಗಿ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಇವತ್ತು ಧರ್ಮೋಪದೇಶದ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುವ ದಿನ. ಏಳು ತುಂಬಿದ ಮಕ್ಕಳು ಪ್ರತಿ ಭಾನುವಾರ ಬಂದು ಜಪ, ಕಟ್ಟಳೆ ಕಲಿತು, ವರ್ಷದ ಕೊನೆಗೆ ಬಿಳಿ ಬಟ್ಟೆ ತೊಟ್ಟು ಮೊದಲ ಪರಮಪ್ರಸಾದ ಸ್ವೀಕರಿಸುತ್ತಾರೆ. ಅದಕ್ಕೆ ಅರ್ಜಿ ಬೇಕು, ಫೋಟೊ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ, ನೆತ್ತಿಗೆ ನೀರು ಹೊಯ್ದು ಕ್ರೈಸ್ತಸಭೆಗೆ ಸೇರಿಸಿಕೊಂಡದ್ದಕ್ಕೆ ಸಾಕ್ಷಿಯಾದ ಜ್ಞಾನಸ್ನಾನದ ಪತ್ರ ಬೇಕು. ಮಗುವಿಗೆ ಜ್ಞಾನಸ್ನಾನ ಯಾವಾಗ ಆಯಿತು, ಎಲ್ಲಿ ಆಯಿತು, ಯಾರು ಕೊಟ್ಟರು—ಇದು ಅರ್ಜಿಯ ಒಂಬತ್ತನೆಯ ಸಾಲು. ಆ ಸಾಲು ಖಾಲಿಯಿದ್ದರೆ ಸೀಲಮ್ಮ ಜಪ್ಪಯ್ಯ ಅಂದರೂ ಸೀಲು ಎತ್ತುವವಳಲ್ಲ.

“ಪತ್ರ ಎಲ್ಲಮ್ಮಾ?” ಎಂದು ಅವಳು ಎದುರಿಗೆ ನಿಂತ ಬ್ರೆಡ್ ಅಂಗಡಿಯವಳನ್ನು ಕೇಳಿದಳು.

“ಮನೆ ಬದಲಾಯಿಸೋವಾಗ ಎಲ್ಲೋ ಕಳೆದುಹೋಯ್ತಕ್ಕಾ. ಇದೇ ಚರ್ಚಲ್ಲೇ ಆಗಿದ್ದಲ್ವಾ? ನೀವೂ ಬಂದಿದ್ರಿ. ಎರಡು ತುಂಡು ಕೇಕ್ ತಿಂದ್ರಿ!”

“ಕೇಕ್ ನೆನಪಿದೆ, ತಾರೀಕು ನೆನಪಿಲ್ಲ. ಬುಧವಾರ ಬನ್ನಿ, ಹಳೇ ಪುಸ್ತಕ ತೆಗೆದು ಹೊಸ ಪ್ರತಿ ಬರೆದುಕೊಡ್ತೀನಿ.”

“ಸ್ವರ್ಗದ ಬಾಗಿಲಲ್ಲೂ ನಿಮ್ಮನ್ನೇ ಕೂರಿಸ್ತಾರೆ ನೋಡಿ!”

“ಕೂರಿಸಿದ್ರೆ ನೀವು ಪತ್ರ ಹಿಡ್ಕೊಂಡೇ ಬನ್ನಿ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಪಕ್ಕದ ಮೇಜಿನಲ್ಲಿ ಪಾಠದ ಪುಸ್ತಕಗಳನ್ನು ಜೋಡಿಸುತ್ತಿದ್ದ ಸಿಸ್ಟರ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸೀಲಮ್ಮನಿಗೂ ಒಳಗೊಳಗೇ ಹಿಗ್ಗು. ಕಾಗದದ ವಿಷಯದಲ್ಲಿ ತನ್ನನ್ನು ಯಾರೂ ಏಮಾರಿಸಲಾರರು ಅನ್ನುವ ಹಿಗ್ಗು.

ಆಮೇಲೆ ಮೇಜಿನ ಮೇಲೆ ಇನ್ನೊಂದು ಅರ್ಜಿ ಬಂದು ಕೂತಿತು. ತಲೆ ಎತ್ತುವ ಮೊದಲೇ ಅವಳಿಗೆ ಅಕ್ಷರ ಗುರುತು ಸಿಕ್ಕಿತು. ದೀರ್ಘಗಳನ್ನು ಬಾಲದಂತೆ ಕೆಳಗೆಳೆಯುವ ಆ ಅಕ್ಷರವನ್ನು ಅವಳೇ ಕೈ ಹಿಡಿದು ತಿದ್ದಿಸಿದ್ದಳು.

“ಏನಮ್ಮಾ, ಹಾಗೆ ನೋಡ್ತೀಯ? ನಾವೂ ಸಾಲಲ್ಲೇ ಬಂದಿದ್ದೀವಿ, ಮಧ್ಯೆ ನುಗ್ಗಲಿಲ್ಲ,” ಅಂದಳು ಮಗಳು. ಅವಳ ಪಕ್ಕದಲ್ಲಿ, ಮೇಜಿನ ಅಂಚಿಗೆ ಗಲ್ಲ ಊರಿ, ಮೊಮ್ಮಗಳು ಚೂಟಿ ನಿಂತಿದ್ದಳು. ಎರಡು ಹಲ್ಲು ಬಿದ್ದ ಬಾಯಿ ಅಗಲವಾಗಿ ತೆರೆದಿತ್ತು.

“ಅಜ್ಜೀ, ನಿಂಗೆ ಗೊತ್ತಾಗಬಾರದು ಅಂತ ಎರಡು ತಿಂಗಳು ಬಾಯಿ ಮುಚ್ಕೊಂಡಿದ್ದೆ!”

“ಅದೇ ದೊಡ್ಡ ಪವಾಡ,” ಅಂದಳು ಮಗಳು.

ಸೀಲಮ್ಮ ಅರ್ಜಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಎಂಟು ವರ್ಷ ಅವಳು ಈ ಗಳಿಗೆಗಾಗಿ ಜಪಸರ ಎಣಿಸಿದ್ದಳು. ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಗಡಿಯಾರ ರಿಪೇರಿ ಮಾಡುವವನನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿದ್ದಳು. ಅಳಿಯ ಒಳ್ಳೆಯವನು. ದೇವರಿಗೂ ಅವನಿಗೂ ಜಗಳವಿರಲಿಲ್ಲ, ಪರಿಚಯವೂ ಇರಲಿಲ್ಲ. ಮಗು ದೊಡ್ಡದಾಗಿ ತಾನೇ ಕೇಳಿದರೆ ಕೇಳಲಿ, ಅಲ್ಲಿಯವರೆಗೆ ಯಾರೂ ಅದರ ಹಣೆಗೆ ಏನನ್ನೂ ಹಚ್ಚುವುದು ಬೇಡ ಎಂದು ಗಂಡಹೆಂಡಿರು ಮಾತಾಡಿಕೊಂಡಿದ್ದರು. ಮಗುವನ್ನು ಮೊದಲ ಸಲ ಅಜ್ಜಿಯ ಮಡಿಲಿಗೆ ಬಿಟ್ಟು ಕೆಲಸಕ್ಕೆ ಹೊರಟ ದಿನ ಮಗಳು ಬಾಗಿಲಲ್ಲಿ ನಿಂತು ಒಂದೇ ಒಂದು ಮಾತು ತೆಗೆದುಕೊಂಡಿದ್ದಳು: “ಅಮ್ಮಾ, ನಾವು ಹೇಳೋವರೆಗೂ ಇವಳಿಗೆ ಜ್ಞಾನಸ್ನಾನ ಅಂತ ಹೊರಡಬೇಡ. ನನ್ನ ಮೇಲೆ ಆಣೆ ಇಡು.” ಸೀಲಮ್ಮ ಮಗಳ ತಲೆಯ ಮೇಲೆ ಕೈ ಇಟ್ಟಿದ್ದಳು.

“ಇವಳ ಕ್ಲಾಸಿನ ಹುಡುಗೀರು ಬರ್ತಾರಂತೆ. ಎರಡು ತಿಂಗಳಿಂದ ಒಂದೇ ಹಟ. ಇವಳಪ್ಪ, ‘ಕೇಳ್ತಿದಾಳಲ್ಲ, ಕಳಿಸು, ಮಾತು ಕೊಟ್ಟಿದ್ವಲ್ಲ’ ಅಂದ್ರು,” ಎಂದು ಮಗಳು ಬಗ್ಗಿ ದನಿ ತಗ್ಗಿಸಿದಳು. “ಒಂಬತ್ತನೇದು ಖಾಲಿ ಬಿಟ್ಟಿದ್ದೀನಿ. ಅದಕ್ಕೇನು ಮಾಡ್ಬೇಕು ಅಂತ ಫಾದರ್ ಹತ್ರ ಕೇಳ್ಕೊಂಡು ಬರ್ತೀನಿ. ಇವಳನ್ನು ನೋಡ್ಕೋ.”

ಮಗಳು ಒಳಕೋಣೆಗೆ ಹೋದಳು. ಚೂಟಿ ಮೇಜಿನ ಹಿಂದೆ ಬಂದು, ಅಜ್ಜಿಯ ಕುರ್ಚಿಯ ಅರ್ಧವನ್ನು ಆಕ್ರಮಿಸಿಕೊಂಡಳು.

“ಅಜ್ಜೀ, ನೀರು ಹಾಕ್ತಾರಂತಲ್ಲ, ಮೂಗಿಗೆ ಹೋಗುತ್ತಾ?”

“ಇಲ್ಲ ಕಣೇ.”

“ತಣ್ಣಗಿರುತ್ತಾ?”

“ಉಗುರುಬೆಚ್ಚಗೆ,” ಅಂದುಬಿಟ್ಟಳು ಸೀಲಮ್ಮ.

ಅವತ್ತಿನ ನೀರು ಉಗುರುಬೆಚ್ಚಗಿತ್ತು.

ಮಗುವಿಗೆ ಆಗ ಏಳು ತಿಂಗಳು. ಮಧ್ಯಾಹ್ನದ ಹೊತ್ತು ಮೈ ಬಿಸಿಯಾಗಿತ್ತು. ಡಾಕ್ಟರಿಗೆ ಫೋನು ಮಾಡಿದರೆ, “ಹಲ್ಲು ಬರೋ ಕಾಲ, ಗಾಬರಿ ಬೇಡ, ಬೆಚ್ಚಗಿನ ನೀರಲ್ಲಿ ಮೈ ಒರೆಸಿ” ಅಂದರು. ಸೀಲಮ್ಮ ಬಚ್ಚಲುಮನೆಯಲ್ಲಿ ಮಣೆಯ ಮೇಲೆ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಬಟ್ಟೆ ಅದ್ದಿ ಅದ್ದಿ ಒರೆಸಿದಳು. ಕತ್ತು, ಕಂಕುಳು, ಅಂಗಾಲು. ಆಮೇಲೆ ಬಟ್ಟೆಯನ್ನು ಚೊಂಬಿನ ಅಂಚಿಗೆ ಹಾಕಿ ಬರಿಗೈಯಲ್ಲಿ ನೀರು ತುಂಬಿಕೊಂಡಳು. ಮಗುವಿನ ಹೆಸರು ಹಿಡಿದು, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದು ಹೇಳುತ್ತ, ಮೂರು ಸಲ ತಲೆಯ ಮೇಲೆ ಹೊಯ್ದಳು. ಮಗು ಕಣ್ಣು ಪಿಳುಕಿಸಿತು, ಅಳಲಿಲ್ಲ. ಸಂಜೆ ಮಗಳು ಬಂದಾಗ ಜ್ವರ ಬಿಟ್ಟು ಮಗು ಚಮಚ ಬಡಿಯುತ್ತ ಕೂತಿತ್ತು.

ಯಾರಿಗೂ ಹೇಳಲಿಲ್ಲ. ಪಾಪನಿವೇದನೆಯಲ್ಲೂ ಹೇಳಲಿಲ್ಲ, ಏಕೆಂದರೆ ಅದನ್ನು ಪಾಪವೆಂದು ಒಪ್ಪಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಮನೆಗೆ ಬೀಗ ಹಾಕಿ ಊರಿಗೆ ಹೊರಟವರು ಗ್ಯಾಸ್ ಆರಿಸಿದ್ದೇನೆ ಎಂದು ನೆನೆದು ನೆಮ್ಮದಿಯಾಗುವ ಹಾಗೆ, ಮಗುವನ್ನು ಕಂಡಾಗಲೆಲ್ಲ ಅದನ್ನು ನೆನೆದು ನೆಮ್ಮದಿಯಾಗಿದ್ದಳು.

ಒಳಕೋಣೆಯ ಬಾಗಿಲು ತೆರೆಯಿತು. ಫಾದರ್ ಮುಖ ಅರಳಿತ್ತು. “ನಿಮ್ಮ ಮೊಮ್ಮಗಳನ್ನು ಸೇರಿಸ್ಕೊಳ್ಳಿ. ವರ್ಷವಿಡೀ ಕಲೀಲಿ. ಮೊದಲ ಪ್ರಸಾದದ ದಿನ ಬೆಳಿಗ್ಗೆ ಜ್ಞಾನಸ್ನಾನ ಕೊಡೋಣ, ಎಲ್ಲರ ಎದುರಿಗೆ. ಈ ವಯಸ್ಸಲ್ಲಿ ಮಗು ತಾನೇ ಕೇಳಿ ಪಡೆಯೋದು ನಮ್ಮ ಧರ್ಮಕೇಂದ್ರದಲ್ಲಿ ಇದೇ ಮೊದಲು. ಒಂಬತ್ತನೇ ಸಾಲಲ್ಲಿ ‘ಇನ್ನೂ ಆಗಿಲ್ಲ’ ಅಂತ ನೀವೇ ಬರೆದು ಸೀಲ್ ಹಾಕಿ.”

“ಆಗಲಿ ಫಾದರ್,” ಎಂದು ಸೀಲಮ್ಮ ಪೆನ್ನು ಎತ್ತಿಕೊಂಡಳು. ಪೆನ್ನಿನ ಮುಚ್ಚಳ ತೆಗೆದಳು. ಮತ್ತೆ ಹಾಕಿದಳು. “ಸಾಲು ಕರಗಲಿ, ಆಮೇಲೆ ನಿಧಾನಕ್ಕೆ ಬರೀತೀನಿ.”

ಹೊರಡುವಾಗ ಮಗಳು ಮೇಜು ಸುತ್ತಿ ಬಂದು ಅವಳ ಭುಜ ಹಿಡಿದುಕೊಂಡಳು. ಅಪ್ಪುಗೆ, ಮುದ್ದು ಎಲ್ಲ ಅವರಿಬ್ಬರಿಗೂ ಒಗ್ಗಿದ್ದಲ್ಲ. ಭುಜ ಹಿಡಿದದ್ದೇ ಹೆಚ್ಚು. “ಎಂಟು ವರ್ಷ ಒಂದು ಸಲಾನೂ ಕೆದಕಲಿಲ್ಲ ನೀನು. ಬೇರೆಯವರಾಗಿದ್ರೆ ಕದ್ದಾದ್ರೂ ಮಾಡಿಸ್ತಿದ್ರು. ಅಂಥವರನ್ನ ನಾನು ನೋಡಿಲ್ವಾ? ನಮ್ಮಮ್ಮ ಹಾಗಲ್ಲ ಅಂತ ಇವರಿಗೆ ಅವಾಗಿಂದ ಹೇಳ್ತಾನೇ ಇದ್ದೆ. ಅದಕ್ಕೇ ಮನಸಾರೆ ಕರ್ಕೊಂಡು ಬಂದೆ. ಕೇಳಿಸ್ತಾ?”

“ಕೇಳಿಸ್ತು.”

“ಅಳ್ತಿದ್ದೀಯಾ?”

“ಗೋಂದಿನ ಘಾಟು,” ಅಂದಳು ಸೀಲಮ್ಮ.

ಹನ್ನೆರಡೂವರೆಗೆ ಸಾಲು ಕರಗಿತು. ಸಿಸ್ಟರ್ ಕಪಾಟಿನ ಕೆಳಗಿನ ಅರೆಯಿಂದ ರಟ್ಟಿನ ಪೆಟ್ಟಿಗೆ ಎಳೆದು ಪಾಠದ ಸಾಮಾನುಗಳನ್ನು ಹೊರಗಿಡುತ್ತಿದ್ದರು. ಮೇಣದ ಬತ್ತಿ, ಚಿತ್ರಪಟ, ಅವುಗಳ ನಡುವೆ ಒಂದು ರಬ್ಬರ್ ಗೊಂಬೆ. ಅದರ ನೆತ್ತಿಯ ಮೇಲಿನ ಬಣ್ಣ ಪೂರ್ತಿ ಸವೆದುಹೋಗಿತ್ತು. ಸೀಲಮ್ಮ ಇದೇ ತರಗತಿಯಲ್ಲಿ ಕೂತಿದ್ದಾಗ ಅಂದಿನ ಸಿಸ್ಟರ್ ಇಂಥದೇ ಗೊಂಬೆಯ ತಲೆಗೆ ನೀರು ಹೊಯ್ದು ಕಲಿಸಿದ್ದರು: ಸಾಯುವ ಅಪಾಯದಲ್ಲಿರುವ ಮಗುವಿಗೆ ಗುರುಗಳು ಸಿಗದಿದ್ದರೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ನೀರು ಇಷ್ಟು, ಮಾತು ಇಷ್ಟು.

“ಈಗಲೂ ಇದನ್ನ ಕಲಿಸ್ತೀರಾ ಸಿಸ್ಟರ್?”

“ದೊಡ್ಡ ಮಕ್ಕಳಿಗೆ. ಗೊಂಬೆ ಪಾಪ, ಸಾವಿರ ಸಲ ತೋಯ್ದಿದೆ.”

“ಯಾರಾದ್ರೂ...” ಸೀಲಮ್ಮ ಅರ್ಜಿಗಳನ್ನು ಮೇಜಿಗೆ ತಟ್ಟಿ ಅಂಚು ಸರಿಮಾಡಿದಳು. “ಅಪಾಯ ಇಲ್ದೇನೂ ಕೊಟ್ಟುಬಿಟ್ರೆ? ಸುಮ್ನೆ ಕೇಳ್ದೆ.”

“ಕೊಟ್ಟವರದು ತಪ್ಪು. ಹೆತ್ತವರು ಬೇಡ ಅಂದಿದ್ರೆ ಇನ್ನೂ ದೊಡ್ಡ ತಪ್ಪು. ಆದ್ರೆ ಆದದ್ದು ಆಯ್ತಲ್ಲ ಅಕ್ಕಾ. ಬದುಕಲ್ಲಿ ಅದು ಒಂದೇ ಸಲ. ಗೊತ್ತಿದ್ದೂ ಎರಡನೇ ಸಲ ಕೊಡ್ಸೋ ಹಾಗಿಲ್ಲ. ಅದು ದೇವರ ಜೊತೆ ಆಟ ಆಡಿದ ಹಾಗೆ.”

“ನೀರು ಸರಿಯಾಗಿ ಬಿತ್ತೋ ಇಲ್ವೋ ಅಂತ ಅನುಮಾನ ಇದ್ರೆ?”

“ಹಾಗಿದ್ರೆ ಫಾದರ್ ‘ನಿನಗೆ ಮೊದಲು ಆಗಿಲ್ಲದಿದ್ದರೆ’ ಅಂತ ಒಂದು ಮಾತು ಸೇರಿಸಿ ಕೊಡ್ತಾರೆ. ಆದ್ರೆ ಅನುಮಾನ ನಿಜವಾದ ಅನುಮಾನ ಆಗಿರಬೇಕು,” ಎಂದು ಸಿಸ್ಟರ್ ನಕ್ಕು, ಗೊಂಬೆಯನ್ನು ಬಿಸಿಲಿಗಿಡಲು ಹೊರಗೆ ಒಯ್ದರು.

ಸೀಲಮ್ಮ ಅನುಮಾನ ಹುಡುಕಲು ಕೂತಳು. ಕೈ ನಡುಗಿತ್ತೇ? ಇಲ್ಲ. ಪವಿತ್ರಾತ್ಮರ ಹೆಸರು ಹೇಳುವಾಗ ನೀರು ಪಕ್ಕಕ್ಕೆ ಹರಿದಿತ್ತೇ? ಇಲ್ಲ, ಎಳೆಕೂದಲು ನೆನೆದು ನೆತ್ತಿಗೆ ಅಂಟಿದ್ದು ಕಣ್ಣಿಗೆ ಕಟ್ಟಿದಂತಿದೆ. ಜ್ವರ ಇಳಿಸಲು ಹೊಯ್ದ ನೀರು ಅದು ಅನ್ನೋಣವೇ? ಜ್ವರ ಇಳಿಸುವವಳು ಯಾರ ನಾಮದಲ್ಲಿ ಒರೆಸುತ್ತಾಳೆ? ಎಷ್ಟು ತಡಕಿದರೂ ಒಂದು ಎಳೆ ಸಿಗಲಿಲ್ಲ. ಬ್ರೆಡ್ ಅಂಗಡಿಯವಳನ್ನು ವಾಪಸು ಕಳಿಸಿದ ಹೆಂಗಸೇ ಅವತ್ತು ಬಚ್ಚಲಲ್ಲೂ ಕೂತಿದ್ದಳು. ಅರೆಬರೆ ಕೆಲಸ ಅವಳಿಗೆ ಬರುತ್ತಲೇ ಇರಲಿಲ್ಲ.

ಸುಮ್ಮನಿದ್ದುಬಿಟ್ಟರೆ? ‘ಇನ್ನೂ ಆಗಿಲ್ಲ.’ ಎರಡೇ ಪದ. ಬಿಳಿ ಬಟ್ಟೆಯ ಚೂಟಿ ಬಗ್ಗಿ ನಿಲ್ಲುತ್ತಾಳೆ, ಫಾದರ್ ನೀರು ಹೊಯ್ಯುತ್ತಾರೆ, ಮಗಳು ನಗುತ್ತಾಳೆ. ತಾನು ಬತ್ತಿ ಹಿಡಿದು ಪಕ್ಕದಲ್ಲಿರುತ್ತೇನೆ. ಸುಳ್ಳಿನ ಭಾರವನ್ನು ದೇವರ ಮುಂದೆ ತಾನೊಬ್ಬಳೇ ಹೊತ್ತರಾಯಿತು. ಇದ್ದ ಒಬ್ಬಳೇ ಮಗಳು ಕೈಬಿಟ್ಟು ಹೋಗುವುದಕ್ಕಿಂತ ಅದು ಹಗುರವಲ್ಲವೇ? ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮಗಳು ಕೂಗಾಡುವವಳಲ್ಲ. ಸ್ಕೂಲು ಬಿಟ್ಟ ಮೇಲೆ ಚೂಟಿಯನ್ನು ನೋಡಿಕೊಳ್ಳಲು ಅಜ್ಜಿಯ ಬದಲು ಬೇರೆ ಯಾರನ್ನಾದರೂ ಗೊತ್ತುಮಾಡುತ್ತಾಳೆ, ಫೋನಿನಲ್ಲಿ ‘ಹೂಂ, ಚೆನ್ನಾಗಿದ್ದೀವಿ’ ಅನ್ನುತ್ತಾಳೆ. ಅಷ್ಟೇ.

ಅವಳು ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಪೆನ್ನು ತೆರೆದಳು. ‘ಇ’ ಬರೆಯಲು ಹೋದಾಗ ಕೊನೆಯ ಸಾಲಿನ ಮೇಲೆ ಕಣ್ಣು ಬಿತ್ತು. ತರಗತಿಗೆ ಸೇರಿಸಲು ಕಾರಣ ಎಂಬಲ್ಲಿ ಹೆಚ್ಚಿನವರು ಏನೂ ಬರೆಯುವುದಿಲ್ಲ, ಇಲ್ಲವೇ ‘ಪದ್ಧತಿ’ ಅನ್ನುತ್ತಾರೆ. ಮಗಳು ಬಾಲದ ದೀರ್ಘಗಳಲ್ಲಿ ಬರೆದಿದ್ದಳು: ‘ಮಗು ತಾನಾಗಿ ಕೇಳಿದ್ದಾಳೆ. ಇದರಲ್ಲಿ ನಾವು ಯಾರೂ ಕೈ ಹಾಕಿಲ್ಲ.’

ಸೀಲಮ್ಮ ಅದನ್ನು ಮೂರು ಸಲ ಓದಿದಳು. ಎಂಟು ವರ್ಷದಿಂದ, ತಾನು ದೇವರನ್ನು ನಂಬಿ ಆ ಕೆಲಸ ಮಾಡಿದೆ ಅಂದುಕೊಂಡಿದ್ದಳು. ನಂಬಿದ್ದರೆ ಕಾಯುತ್ತಿದ್ದಳಲ್ಲವೇ? ಅವನನ್ನೂ ನಂಬಿರಲಿಲ್ಲ, ಮಗಳನ್ನೂ ನಂಬಿರಲಿಲ್ಲ. ಮಗಳೋ, ಅಮ್ಮನನ್ನು ನಂಬಿ, ಅಮ್ಮನ ಮೇಜಿಗೇ ಈ ಕಾಗದ ತಂದಿಟ್ಟಿದ್ದಳು.

ಪೆನ್ನನ್ನು ಮುಚ್ಚಿದಳು.

ಮಂಗಳವಾರ ಲ್ಯಾಬಿಗೆ ರಜೆ. ಮಗಳು ಮನೆಯಲ್ಲಿ ಒಬ್ಬಳೇ ಇರುತ್ತಾಳೆ, ಹನ್ನೊಂದರ ಹೊತ್ತಿಗೆ ಬಟ್ಟೆ ಮಡಚುತ್ತಿರುತ್ತಾಳೆ. ಫಾದರ್ ಹತ್ತಿರ ಮೊದಲು ಹೋಗುವುದು ಸುಲಭ. ಅವರು ಕ್ಷಮಿಸುತ್ತಾರೆ, ಅದು ಅವರ ಕೆಲಸ. ಇದನ್ನು ಮೊದಲು ಕೇಳಿಸಿಕೊಳ್ಳಬೇಕಾದವಳು ಮಗಳು. ಕೂತು, ಜ್ವರದ ನೆಪ ಹೇಳದೆ, ನಡೆದದ್ದನ್ನು ನಡೆದ ಹಾಗೆ ಹೇಳುವುದು. ಆಮೇಲೆ ಒಂಬತ್ತನೆಯ ಸಾಲನ್ನು ಮಗಳೇ ತುಂಬಲಿ. ಬೇಕಾದರೆ ಅರ್ಜಿಯನ್ನೇ ಹರಿದು ಹಾಕಲಿ.

ಸಿಸ್ಟರ್ ಒಳಗೆ ಬಂದು ಕೈ ಚಾಚಿದರು. “ಕೊಡಿ ಅಕ್ಕಾ, ಹಾಜರಿ ಪುಸ್ತಕಕ್ಕೆ ಬರ್ಕೋತೀನಿ. ಎಷ್ಟಾಯ್ತು?”

“ಮೂವತ್ತಾರು.”

“ನಿಮ್ಮ ಮೊಮ್ಮಗಳೂ ಸೇರಿ ತಾನೇ?”

“ಅದೊಂದರಲ್ಲಿ ಬರೆಯೋದು ಸ್ವಲ್ಪ ಬಾಕಿ ಇದೆ,” ಎಂದಳು ಸೀಲಮ್ಮ. ಅರ್ಜಿಯನ್ನು, ಫೋಟೊ ಮಡಚದ ಹಾಗೆ, ತನ್ನ ಕೈಚೀಲದೊಳಗೆ ಇಟ್ಟುಕೊಂಡಳು. ಸೀಲಿನ ಮುಚ್ಚಳ ಹಾಕಿದಳು. ಬೆರಳಿಗೆ ಒಣಗಿ ಹಿಡಿದಿದ್ದ ಗೋಂದನ್ನು ಉಗುರಿನಿಂದ ಕೆರೆಯುತ್ತ, ಕೈ ತೊಳೆಯಲು ಹೊರಗಿನ ನಲ್ಲಿಯ ಕಡೆ ನಡೆದಳು.