ನಿಘಂಟಿನ ಆಸರೆ

ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಅಣ್ಣನೇ ಬಂದು ಮುಟ್ಟಬೇಕು. ನಲ್ಲಿ ಸೋರಲಿ, ಫ್ಯಾನ್ ಕಿರುಗುಟ್ಟಲಿ, ಹೊರಗಿನವರನ್ನು ಕರೆಯುವಂತಿಲ್ಲ. ಕರೆದರೆ ಅಣ್ಣನಿಗೆ ಅವಮಾನವಂತೆ. ಇದು ಅಮ್ಮ ಮಾಡಿಟ್ಟ ಕಾನೂನು. ನಾಲ್ಕು ಬಾಗಿಲಾಚೆ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಿದ್ದರೂ ನಾನು ಅದರ ಮೆಟ್ಟಿಲು ಹತ್ತಿದವಳಲ್ಲ.

ಆ ದಿನ ಮಧ್ಯಾಹ್ನ ಮೂರಕ್ಕೆ ನನಗೆ ಅನುವಾದಕಿಯ ಕೆಲಸಕ್ಕೆ ಪರೀಕ್ಷೆಯಿತ್ತು. ಅಮ್ಮನ ಸೊಂಟದ ಮೂಳೆ ಮುರಿದಾಗ ಕೆಲಸ ಬಿಟ್ಟು ಮನೆಯಲ್ಲಿ ಕೂತವಳು ನಾನು. ಐದು ವರ್ಷದ ಮೇಲೆ ಒಂದು ಕಡೆಯಿಂದ ಕರೆ ಬಂದಿತ್ತು. ಲ್ಯಾಪ್‌ಟಾಪಿನಲ್ಲೇ ಬರೆಯಬೇಕು, ಫೋನಿನಲ್ಲಿ ತೆರೆಯುವುದಿಲ್ಲ, ತಪ್ಪಿದರೆ ಇನ್ನೊಂದು ಅವಕಾಶವಿಲ್ಲ. ಎರಡು ದಿನದಿಂದ ನನ್ನ ಲ್ಯಾಪ್‌ಟಾಪಿನ ಪರದೆ ಪಟಪಟನೆ ಮಿಟುಕುತ್ತಿತ್ತು. ಮುಚ್ಚಳವನ್ನು ಕೊಂಚ ಹಿಂದಕ್ಕೆ ವಾಲಿಸಿದರೆ ನಿಲ್ಲುತ್ತಿತ್ತು. ದಪ್ಪ ನಿಘಂಟೊಂದನ್ನು ಅದರ ಬೆನ್ನಿಗೆ ಆನಿಸಿಟ್ಟೆ. ಬೆಳಗ್ಗೆ ಎರಡು ಗಂಟೆ ಕೂತು ಅಭ್ಯಾಸ ಮಾಡಿದೆ, ಒಮ್ಮೆಯೂ ಮಿಟುಕಲಿಲ್ಲ.

ಅಮ್ಮನಿಗೆ ಅದು ಸರಿಬರಲಿಲ್ಲ. “ಅದೇನೇ ಅದು, ಪುಸ್ತಕ ಆನಿಸ್ಕೊಂಡು ಪರೀಕ್ಷೆ ಬರೀತೀಯಾ? ಅಣ್ಣಂಗೆ ಫೋನ್ ಮಾಡಿದೀನಿ, ಬರ್ತಿದಾನೆ.”

ಹನ್ನೊಂದಕ್ಕೆ ಬಂದ. ಆ ಲ್ಯಾಪ್‌ಟಾಪಿನ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟವನೂ ಅವನೇ, ನನ್ನನ್ನು ಒಂದು ಮಾತೂ ಕೇಳದೆ. ಕೂತವನೇ ನಿಘಂಟನ್ನು ಎತ್ತಿ ಮಂಚದ ಮೇಲೆ ಎಸೆದ. ಪರದೆ ಮಿಟುಕತೊಡಗಿತು.

“ಅಣ್ಣ, ಮುಚ್ಚಳ ಅಲ್ಲಾಡಿದಾಗ ಮಾತ್ರ ಹೀಗಾಗುತ್ತೆ. ಆನ್ ಮಾಡಿದ ತಕ್ಷಣ ಕಂಪನಿ ಗುರುತು ಬರುತ್ತಲ್ಲ, ಲಿನಕ್ಸ್ ಶುರುವಾಗೋಕೂ ಮುಂಚೆ, ಆಗ್ಲೂ ಮಿಟುಕುತ್ತೆ.”

“ಡ್ರೈವರ್ ಪ್ರಾಬ್ಲಮ್ ಕಣೇ, ಪರದೆ ನಡೆಸೋ ಸಾಫ್ಟ್‌ವೇರ್‌ದು. ಸುಮ್ನೆ ಕೂತ್ಕೋ.”

ಸುಮ್ಮನೆ ಕೂತೆ. ಐದು ವರ್ಷದಲ್ಲಿ ನಾನು ಚೆನ್ನಾಗಿ ಕಲಿತ ವಿದ್ಯೆ ಅದೊಂದೇ.

ಅಣ್ಣ ಕಪ್ಪು ಕಿಟಕಿಯೊಂದನ್ನು ತೆರೆದು ಸಾಲು ಸಾಲಾಗಿ ಕಮಾಂಡ್ ಬರೆದ. ಅಪ್‌ಡೇಟ್ ಮಾಡಿದ, ಆಫ್ ಮಾಡಿ ಆನ್ ಮಾಡಿದ, ಮಿಟುಕಿತು. ಪರದೆಯ ಸೆಟ್ಟಿಂಗ್ ಬದಲಿಸಿದ, ಮಿಟುಕಿತು. ಹನ್ನೆರಡಾಯಿತು, ಒಂದಾಯಿತು. ಅಮ್ಮ ಎರಡು ಸಲ ಚಹಾ ಮಾಡಿಸಿದಳು, ನನ್ನ ಕೈಯಿಂದಲೇ. “ಪಾಪ, ರಜಾ ದಿನಾನೂ ಬಿಡದೆ ಒದ್ದಾಡ್ತಿದಾನೆ” ಎಂದಳು.

“ಅಣ್ಣ, ಇಷ್ಟು ಸಾಕು. ಪುಸ್ತಕ ಇಟ್ಕೊಂಡೇ ಬರೀತೀನಿ” ಎಂದೆ.

“ಇನ್ನೊಂದೇ ಒಂದು” ಎಂದವನು ಹಳೆಯ ಡ್ರೈವರನ್ನು ಕಿತ್ತುಹಾಕಿದ. ಆಫ್ ಮಾಡಿ ಆನ್ ಮಾಡಿದ. ಈ ಸಲ ಪರದೆ ಮಿಟುಕಲಿಲ್ಲ. ಬರೀ ಕಪ್ಪು.

ಗಂಟೆ ಎರಡೂವರೆ. ಅಣ್ಣ ಮೂಗು ಉಜ್ಜಿಕೊಂಡ, ಫೋನ್ ನೋಡಿದ. “ನಿಮ್ಮತ್ತಿಗೆ ಕಾಯ್ತಿದಾಳೆ. ನಾಳೆ ಬಂದು ಪೂರ್ತಿ ನೋಡ್ತೀನಿ” ಎಂದು ಚಪ್ಪಲಿ ಮೆಟ್ಟಿದ. ನನ್ನ ಪರೀಕ್ಷೆ ಅವನಿಗೆ ನೆನಪೇ ಇರಲಿಲ್ಲ.

ಲ್ಯಾಪ್‌ಟಾಪನ್ನು ಅವುಚಿಕೊಂಡು ರಿಪೇರಿ ಅಂಗಡಿಗೆ ಓಡಿದೆ. ಕೌಂಟರಿನ ಹಿಂದಿದ್ದ ಹೆಂಗಸು ಅದನ್ನು ಆನ್ ಕೂಡ ಮಾಡದೆ ಕೇಳಿದಳು: “ಮುಚ್ಚಳ ಅಲ್ಲಾಡಿಸಿದ್ರೆ ಮಿಟುಕ್ತಿತ್ತಾ?”

ಅಳು ಬಂತು. ಹೌದೆಂದು ತಲೆಯಾಡಿಸಿದೆ.

ನಾಲ್ಕು ಸ್ಕ್ರೂ ಬಿಚ್ಚಿದಳು. ಮುಚ್ಚಳದ ಕೀಲಿನ ಬಳಿ ಸಡಿಲವಾಗಿದ್ದ ತೆಳ್ಳನೆಯ ಕೇಬಲ್ಲನ್ನು ಬೆರಳಿನಿಂದ ಒತ್ತಿ ಕೂರಿಸಿದಳು. ಆನ್ ಮಾಡಿದಾಗ ಕಂಪನಿಯ ಗುರುತು ಒಂಚೂರೂ ನಡುಗದೆ ಬಂತು. ಆಮೇಲೆ ಮತ್ತೆ ಕಪ್ಪು.

“ಕೇಬಲ್ ಸರಿಹೋಯ್ತು. ಸಿಸ್ಟಮ್ಮನ್ನ ಯಾರೋ ಕೆಡಿಸಿದಾರೆ, ಸರಿಮಾಡೋಕೆ ಎರಡು ಗಂಟೆ ಬೇಕು.”

ಗೋಡೆಯ ಗಡಿಯಾರದಲ್ಲಿ ಮೂರು ಗಂಟೆಯಾಗಿ ಐದು ನಿಮಿಷ ಕಳೆದಿತ್ತು. ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ, ಮಾಡಿ ಮುಗಿಸುವವರೆಗೂ ಕೂತೇ ಇದ್ದೆ.

ಸಂಜೆ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದಿಟ್ಟೆ. ಅಮ್ಮ ಹಾಸಿಗೆಯಿಂದಲೇ ಕತ್ತು ಚಾಚಿ ನೋಡಿ ಅಣ್ಣನಿಗೆ ಫೋನ್ ಹಚ್ಚಿದಳು.

“ಸರಿಹೋಯ್ತು ಕಣೋ. ನೀನು ಮಾಡಿದ್ದು ನಿಧಾನಕ್ಕೆ ಹಿಡೀತು ಅಂತ ಕಾಣುತ್ತೆ.” ಫೋನನ್ನು ನನ್ನತ್ತ ಚಾಚಿದಳು. “ತಗೋ, ಅಣ್ಣಂಗೆ ಒಂದು ಮಾತು ಹೇಳು. ದಿನವೆಲ್ಲ ನಿನಗೋಸ್ಕರ ಒದ್ದಾಡಿದಾನೆ.”

ತೆಗೆದುಕೊಂಡೆ. ಅತ್ತ ಕಡೆ ಟೀವಿ ಜೋರಾಗಿತ್ತು.

“ಅಣ್ಣ, ನೀನು ಬರದೇ ಇದ್ದಿದ್ರೆ ಇವತ್ತು ನಾನು ಪರೀಕ್ಷೆ ಬರೀತಿದ್ದೆ.”

“ಪರವಾಗಿಲ್ಲ ಬಿಡೇ” ಎಂದ ಅಣ್ಣ. “ಮುಂದಿನ ಸಲ ಒಂದೆರಡು ದಿನ ಮುಂಚೇನೇ ಕರಿ.”