ಅಡಿವೆವ್ವನ ಬಲಮಗ್ಗುಲು

ನಾನು ಒಂದು ಗಾಳಿ ಹಾಸಿಗೆ. ಹತ್ತಿ ಹಾಸಿಗೆಗಿರುವಂಥ ಮನೆತನ ನನಗಿಲ್ಲ. ನನ್ನನ್ನು ಯಾವ ಪಿಂಜಾರನೂ ಅಂಗಳದಲ್ಲಿ ಕೂತು ಹಿಂಜಿ ಮಾಡಲಿಲ್ಲ. ದೂರದ ಊರಿನ ಒಂದು ಕಾರ್ಖಾನೆಯಲ್ಲಿ ರಬ್ಬರಿನಂಥ ಹಾಳೆಗಳನ್ನು ಬಿಸಿ ಅಚ್ಚಿನಲ್ಲಿ ಒತ್ತಿ, ಉದ್ದುದ್ದ ಕೊಳವೆಗಳಾಗಿ ಬೆಸೆದು, ಅವನ್ನು ಪಕ್ಕಪಕ್ಕದಲ್ಲಿ ಜೋಡಿಸಿ ನನ್ನನ್ನು ಹುಟ್ಟಿಸಿದರು. ಜೊತೆಗೊಂದು ಪುಟ್ಟ ಪಂಪು ಕೊಟ್ಟರು. ಅದು ಗುರ್ರೆನ್ನುತ್ತ ಒಮ್ಮೆ ಒಂದು ಸಾಲಿನ ಕೊಳವೆಗಳಿಗೆ ಗಾಳಿ ತುಂಬುತ್ತದೆ. ಸ್ವಲ್ಪ ಹೊತ್ತಿಗೆ ಅವನ್ನು ಇಳಿಸಿ ಇನ್ನೊಂದು ಸಾಲಿಗೆ ತುಂಬುತ್ತದೆ. ಮಲಗಿದವರ ಮೈಯ ಒಂದೇ ಜಾಗದ ಮೇಲೆ ಸದಾ ಭಾರ ಬೀಳಬಾರದು. ಅಷ್ಟೇ ನನ್ನ ಕಸುಬು.

ತಾವಾಗಿ ಹೊರಳಲಾರದವರು ಒಂದೇ ಕಡೆ ಬಿದ್ದುಕೊಂಡರೆ, ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿಬಿದ್ದ ಮಾಂಸಕ್ಕೆ ರಕ್ತ ಹರಿಯುವುದಿಲ್ಲ. ಅದು ಒಳಗಿಂದೊಳಗೇ ಸಾಯುತ್ತದೆ, ಆಮೇಲೆ ಹೊರಗೆ ಬಾಯಿ ಬಿಡುತ್ತದೆ. ಜನ ಅದನ್ನು ಹಾಸಿಗೆ ಹುಣ್ಣು ಎನ್ನುತ್ತಾರೆ. ಹುಣ್ಣು ಮಾಡುವುದು ಭಾರ, ಹೆಸರು ಕೆಡುವುದು ನಮ್ಮದು.

ನನ್ನನ್ನು ಮೊದಲು ಕೊಂಡವರು ಹುಬ್ಬಳ್ಳಿಯ ಒಂದು ದೊಡ್ಡ ಮನೆಯವರು. ಆ ಮನೆಯ ಹಿರಿಯರಾದ ಕಟ್ಟಿ ಮಾಸ್ತರರಿಗೆ ಪಾರ್ಶ್ವವಾಯು ಹೊಡೆದಿತ್ತು. ನಾನು ಬಂದ ದಿನ ಮನೆಯಲ್ಲಿ ಹಬ್ಬದ ಕಳೆ. ಗಾಳಿ ಹಾಸಿಗೆ ತಂದಿದ್ದೇವೆ, ಇನ್ನು ಚಿಂತೆಯಿಲ್ಲ ಎಂದು ಮಗ ಬಂದಬಂದವರಿಗೆಲ್ಲ ಹೇಳಿದ. ನನ್ನ ಮೇಲೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ದಪ್ಪನೆಯ ಕೌದಿ ಹಾಸಿ, ಅದರ ಮೇಲೆ ಮಾಸ್ತರರನ್ನು ಮಲಗಿಸಿದರು. ನಾನು ಉಸಿರಾಡಿದ್ದು ಅವರ ಬೆನ್ನಿಗೆ ತಲುಪಲೇ ಇಲ್ಲ. ಹಾಸಿಗೆ ಇದೆಯಲ್ಲ ಎಂದು ಅವರನ್ನು ಯಾರೂ ಹೊರಳಿಸಲೂ ಇಲ್ಲ. ಬಾಲದೆಲುಬಿನ ಹತ್ತಿರ ಶುರುವಾದ ಹುಣ್ಣು ಅವರನ್ನು ಬಿಡಲಿಲ್ಲ. ಅವರು ಹೋದ ಮೇಲೆ ನನ್ನನ್ನು ಅಂಗಡಿಗೆ ವಾಪಸು ಕೊಡುವಾಗ ಮಗ ನನ್ನನ್ನು ಬಾಯಿಗೆ ಬಂದಂತೆ ಬೈದ. ತಪ್ಪು ನನ್ನದಲ್ಲ ಎಂದು ಹೇಳಬೇಕೆನಿಸಿತು. ಆದರೆ ನನಗಿರುವುದು ಬರೀ ಉಸಿರು, ಮಾತಿಲ್ಲ.

ಅಂಗಡಿಯ ಮೂಲೆಯಲ್ಲಿ ಬಹಳ ದಿನ ಸುರುಳಿ ಸುತ್ತಿಕೊಂಡು ಬಿದ್ದಿದ್ದ ನನ್ನನ್ನು ಗದುಗಿನ ಈರಣ್ಣ ಎಂಬವನು ಕೊಂಡುಹೋದ. ಅವನ ತಾಯಿ ಅಡಿವೆವ್ವ ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಖಾನಾವಳಿ ಇಟ್ಟವಳು. ಅಟ್ಟದ ಮೇಲಿಂದ ಜೋಳದ ಚೀಲ ಇಳಿಸಲು ಹೋಗಿ ಕಾಲು ಜಾರಿ ಬಿದ್ದಿದ್ದಳು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಅವಳಿಗೆ ಚಲನೆಯೂ ಉಳಿಯಲಿಲ್ಲ, ಸ್ಪರ್ಶವೂ ಉಳಿಯಲಿಲ್ಲ. ಆದರೆ ಮೇಲಿನ ಅರ್ಧ ಮೈ ಇತ್ತಲ್ಲ, ಅದು ಇಡೀ ಖಾನಾವಳಿಯನ್ನು ಆಳುವಷ್ಟು ಗಟ್ಟಿಯಾಗಿತ್ತು. ಒಳಕೋಣೆಯಲ್ಲಿ ಮಲಗಲು ಅವಳು ಸುತಾರಾಂ ಒಪ್ಪಲಿಲ್ಲ. ಉಣ್ಣುವ ಪಡಸಾಲೆಯಲ್ಲೇ ಗೋಡೆಗೆ ತಾಗಿಸಿ ಮಂಚ ಹಾಕಿಸಿಕೊಂಡಳು.

ಈ ಮನೆಯಲ್ಲಿ ಕೌದಿ ಹಾಸಲಿಲ್ಲ, ಒಂದು ತೆಳು ಚಾದರ ಮಾತ್ರ. ನನಗೆ ಜೀವ ಬಂದಂತಾಯಿತು. ಸೊಸೆ ಶಶಿಕಲಾ ಬಲು ಕಟ್ಟುನಿಟ್ಟಿನ ಹೆಂಗಸು. ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಳು: ಎರಡು ತಾಸಿಗೊಮ್ಮೆ ಹೊರಳಿಸಬೇಕು, ಮೈ ಒಣಗಿರಬೇಕು, ಎಲ್ಲಿಯಾದರೂ ಕೆಂಪಾಯಿತೇನೋ ದಿನಾ ನೋಡಬೇಕು. ಮುಂಜಾನೆ ಅತ್ತೆಯ ಮೈ ಒರೆಸುವಾಗ ಅವಳು ಕಣ್ಣಲ್ಲಿ ಕಣ್ಣಿಟ್ಟು ಕೆಂಪು ಹುಡುಕುತ್ತಿದ್ದಳು. ಕೆಂಪು ಕಾಣದಿದ್ದಾಗ ಸಮಾಧಾನದಿಂದ ರೊಟ್ಟಿ ಬಡಿಯಲು ಹೋಗುತ್ತಿದ್ದಳು.

ತೊಂದರೆ ಶುರುವಾದದ್ದು ಹೊರಳಿಸುವುದರಲ್ಲಿ. ಬಲಮಗ್ಗುಲಿಗೆ ಮಲಗಿದರೆ ಅಡಿವೆವ್ವನ ಮುಖ ಬಾಗಿಲಿಗೆ, ಎಡಮಗ್ಗುಲಿಗೆ ಮಲಗಿದರೆ ಗೋಡೆಗೆ. ಮಧ್ಯಾಹ್ನ ಮಾರುಕಟ್ಟೆಯ ಹಮಾಲರು, ಗಾಡಿಯವರು, ದಲಾಲರ ಗುಮಾಸ್ತರು ಒಬ್ಬೊಬ್ಬರಾಗಿ ಬಂದು, ಹೆಂಗದೀರಿ ಅವ್ವಾರ ಎಂದು ಕೇಳಿಯೇ ತಾಟಿಗೆ ಕೈ ಹಾಕುವುದು. ಅವರಿಗೆ ಬೆನ್ನು ಹಾಕಿ ಮಲಗುವುದೇ? ಅವಳ ಪ್ರಕಾರ ಅದು ಉಣ್ಣಲು ಬಂದವರನ್ನು ಹೊರಗೆ ಹಾಕಿದ ಹಾಗೆ. ಸೊಸೆ ಎಡಕ್ಕೆ ಹೊರಳಿಸಿ ಒಲೆಯ ಮುಂದೆ ಹೋಗುವುದೇ ತಡ, ಬಾಗಿಲಲ್ಲಿ ಚಪ್ಪಲಿ ಸದ್ದಾಗುತ್ತಿತ್ತು. ಅಡಿವೆವ್ವ ಮಂಚದ ಸರಳು ಹಿಡಿದು ಎಳೆದುಕೊಂಡು ಮತ್ತೆ ಬಲಕ್ಕೆ ಬರುತ್ತಿದ್ದಳು. ರೊಟ್ಟಿ ಬಡಿದು ಬಡಿದು ಹುರಿಯಾದ ತೋಳು, ಕೇಳಬೇಕೆ! ಕೆಳಗಿನ ಸತ್ತ ಮೈ ಚಾದರದ ಮೇಲೆ ತೇಯುತ್ತ ಹಿಂದೆ ಬರುತ್ತಿತ್ತು. ಒಂದೊಂದು ಸಲ ಎಳೆದಾಗಲೂ ಚರ್ಮ ಸವೆಯುವುದು ನನಗೆ ತಿಳಿಯುತ್ತಿತ್ತು, ಅವಳಿಗೆ ತಿಳಿಯುತ್ತಿರಲಿಲ್ಲ.

ನನಗೆ ಬಣ್ಣ ಕಾಣುವುದಿಲ್ಲ, ಅದನ್ನು ಜನರ ಮಾತಿನಿಂದಲೇ ತಿಳಿಯುತ್ತೇನೆ. ನನಗೆ ಗೊತ್ತಾಗುವುದು ಭಾರ, ಬಿಸಿ, ಹಸಿ. ಒಂದು ದಿನ ಅವಳ ಬಲ ಸೊಂಟದ ಎಲುಬು ಊರುವ ಜಾಗ ಉಳಿದ ಮೈಗಿಂತ ಬೆಚ್ಚಗಾಯಿತು. ಮರುದಿನ ಅಲ್ಲೇ ಗಟ್ಟಿಯಾಯಿತು. ಮಾಸ್ತರರ ಮೈಯಲ್ಲಿ ಆಗಿದ್ದು ಇದೇ. ಪಂಪಿನ ಬಲದಿಂದ ಆ ಜಾಗದ ಕೊಳವೆಯನ್ನು ಆದಷ್ಟು ಇಳಿಸಿಕೊಂಡೆ. ಆದರೆ ಇಡೀ ಮೈಯ ಭಾರ ಅದೇ ಮಗ್ಗುಲಿನ ಮೇಲಿರುವಾಗ ನಾನು ಎಷ್ಟೆಂದು ಇಳಿಯಲಿ?

ಶಶಿಕಲಾ ಮುಂಜಾನೆ ನೋಡಿದಳು. ಕೆಂಪು ಇರಲಿಲ್ಲ. ಇರುವುದಾದರೂ ಹೇಗೆ? ಅಡಿವೆವ್ವನದು ಎಣ್ಣೆಗಪ್ಪು ಮೈ. ಸೊಂಟದ ಮೇಲೆ ಒಂದಿಷ್ಟು ಜಾಗ ಮಾತ್ರ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮಲಗಿ ಮಲಗಿ ಮೈ ಕಂದಿದೆ ಎಂದುಕೊಂಡ ಆಕೆ, ಎಣ್ಣೆ ಬೆಚ್ಚಗೆ ಮಾಡಿ ಅಂಗೈಯಿಂದ ತಿಕ್ಕಿ ತಿಕ್ಕಿ ಹಚ್ಚಿದಳು. ದಿನಾ ಹಚ್ಚಿದಳು. ಈರಣ್ಣ ಯಾರದೋ ಮಾತು ಕೇಳಿ ನಡುವೆ ತೂತಿರುವ ರಬ್ಬರ್ ಟ್ಯೂಬು ತಂದು ಸೊಂಟದ ಕೆಳಗೆ ತುರುಕಿದ. ಅದರ ಅಂಚು ಸುತ್ತಲೂ ಒತ್ತಿ, ಅಷ್ಟಿಷ್ಟು ಹರಿಯುತ್ತಿದ್ದ ರಕ್ತವನ್ನೂ ತಡೆಯಿತು. ಇಬ್ಬರದೂ ಪ್ರೀತಿಯೇ. ಅದನ್ನು ಕಂಡೇ ನನಗೆ ಇನ್ನಷ್ಟು ಸಂಕಟವಾಗುತ್ತಿತ್ತು.

ಆಮೇಲೆ ಚಾದರದ ಮೇಲೆ ನೀರು ಕಂಡಿತು, ವಾಸನೆ ಬಂತು, ಜ್ವರ ಬಂತು. ಅಡಿವೆವ್ವ ಊಟದವರನ್ನು ಹೆಸರು ತಪ್ಪಿ ಕರೆಯತೊಡಗಿದಳು. ಆಗ ಈರಣ್ಣ ಸರ್ಕಾರಿ ಆಸ್ಪತ್ರೆಯ ಶಕೀಲಾ ಸಿಸ್ಟರನ್ನು ಕರೆತಂದ. ಆಕೆ ಅಡಿವೆವ್ವನನ್ನು ಮೆಲ್ಲಗೆ ಹೊರಳಿಸಿ ನೋಡಿದಳು. ನೇರಳೆ ಬಣ್ಣದ ಜಾಗ ಕರ್ರಗಾಗಿ ಒಡೆದು ಒಳಗೆ ಕುಳಿ ಬಿದ್ದಿತ್ತು.

ಶಶಿಕಲಾಳ ಮುಖ ಸಣ್ಣದಾಯಿತು. "ದಿನಾ ನೋಡೀನ್ರಿ ಸಿಸ್ಟರ್, ದೇವರಾಣಿ. ಒಂದ ದಿನಾನೂ ಕೆಂಪ ಆಗಿರ್ಲಿಲ್ರಿ."

"ಎಲ್ಲಾರ ಮೈಯಾಗೂ ಕೆಂಪ ಕಾಣಂಗಿಲ್ಲವ್ವ," ಎಂದಳು ಸಿಸ್ಟರ್. "ಅದನ್ನ ನಿಮಗ ಯಾರರ ಮೊದಲ ಹೇಳಬೇಕಿತ್ತು."

ಆಮೇಲೆ ಅವಳು ಶಶಿಕಲಾಳ ಕೈ ಹಿಡಿದೇ ಕಲಿಸಿದಳು. ಇನ್ನೂ ಚೆನ್ನಾಗಿದ್ದ ಎಡ ಸೊಂಟದ ಮೇಲೆ ಅವಳ ಅಂಗೈಯ ಹಿಂಭಾಗವನ್ನು ಇರಿಸಿ, ಸುತ್ತಲಿನ ಮೈಗಿಂತ ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ ಎಂದು ನೋಡಿಸಿದಳು. ಬಿಳಿ ಮೈಯವರಾದರೆ ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟಾಗ ಬೆಳ್ಳಗಾಗಬೇಕು, ಆಗದಿದ್ದರೆ ಕೆಟ್ಟಿತೆಂದೇ ಅರ್ಥ; ಕಪ್ಪು ಮೈಯಲ್ಲಿ ಬಣ್ಣಕ್ಕಿಂತ ಕೈಯನ್ನು ನಂಬಬೇಕು ಎಂದಳು. ಬಣ್ಣ ತಿರುಗಿದ ಕಡೆ ಯಾವತ್ತೂ ತಿಕ್ಕಬಾರದು. ಟ್ಯೂಬನ್ನು ಅವಳೇ ಎಳೆದು ಹೊರಗೆ ಎಸೆದಳು. ಸೊಂಟದ ಎಲುಬಿನ ಮೇಲೆ ನೇರ ಮಲಗಿಸದೆ ಬೆನ್ನ ಹಿಂದೆ ದಿಂಬು ಕೊಟ್ಟು ಓರೆಯಾಗಿ ಮಲಗಿಸಬೇಕು, ಮೊಣಕಾಲ ನಡುವೆ ಒಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಒಂದು ದಿಂಬು. ಎಳೆಯಬಾರದು, ಚಾದರದ ಸಮೇತ ಎತ್ತಿ ಸರಿಸಬೇಕು. ಬೇಳೆ, ಕಾಳು, ಮೊಸರು ಹೆಚ್ಚು ತಿನ್ನಿಸಬೇಕು. ನಾನು ಆಡುವ ಉಸಿರಿಗೆ ಮಾತು ಸಿಕ್ಕಿದ್ದರೆ ಇದನ್ನೇ ಹೇಳುತ್ತಿದ್ದೆ.

ಅಡಿವೆವ್ವನನ್ನು ಆಸ್ಪತ್ರೆಗೆ ಸೇರಿಸಿ, ಸತ್ತ ಮಾಂಸ ಕತ್ತರಿಸಿ, ನಂಜು ಇಳಿಸಿ ಮನೆಗೆ ಕಳಿಸಿದರು. ಅವಳು ಮತ್ತೆ ನನ್ನ ಮೇಲೆ ಮಲಗಿದಾಗ ಹೂವಿನಷ್ಟು ಹಗುರವಾಗಿದ್ದಳು. ಹುಣ್ಣು ಎಲುಬಿನ ಹತ್ತಿರದವರೆಗೂ ಹೋಗಿದೆ, ಇನ್ನೊಮ್ಮೆ ಆ ಮಗ್ಗುಲಿಗೆ ಮಲಗಿದರೆ ನಂಜು ಎಲುಬಿಗಿಳಿಯುತ್ತದೆ, ಆಗ ತಾವೂ ಏನೂ ಮಾಡಲಾರೆವು ಎಂದು ಡಾಕ್ಟರು ಈರಣ್ಣನಿಗೆ ಸ್ಪಷ್ಟವಾಗಿ ಹೇಳಿದ್ದರು. ಇನ್ನು ಅವಳಿಗೆ ಉಳಿದದ್ದು ಎರಡೇ: ಅಂಗಾತ ಮಲಗುವುದು, ಇಲ್ಲವೇ ಗೋಡೆಯ ಕಡೆಗೆ ಹೊರಳುವುದು. ಅಂಗಾತವೇ ಬಿದ್ದುಕೊಂಡರೆ ಬಾಲದೆಲುಬು ಕೆಡುತ್ತದೆ.

ಅಡಿವೆವ್ವ ಕೇಳಿಸಿಕೊಂಡಳು, ಹೂಂ ಎಂದಳು. ಮರುದಿನ ಮಧ್ಯಾಹ್ನ ಚಪ್ಪಲಿ ಸದ್ದಾದದ್ದೇ ತಡ, ಅವಳ ಕೈ ಸರಳಿಗೆ ಹೋಯಿತು. ಒಳಕೋಣೆಗೆ ಒಯ್ಯುತ್ತೇವೆ ಎಂದರೆ ಊಟ ಬಿಟ್ಟಳು. ಎಡಕ್ಕೆ ಹೊರಳಿದರೂ ಮುಖ ಬಾಗಿಲಿಗೆ ಬರುವಂತೆ ಮಂಚವನ್ನು ತಿರುಗಿಸಿ ಹಾಕೋಣ ಎಂದು ಈರಣ್ಣ ಹೇಳಿ ನೋಡಿದ. ಹಾಗೆ ಹಾಕಿದರೆ ತಲೆ ಉತ್ತರಕ್ಕೆ ಬರುತ್ತದೆ, ಹೆಣ ಮಲಗಿಸಿದಂಗ ಮಲಗಿಸ್ತಿಯೇನೋ ಎಂದು ಬೈದು ಅವನ ಬಾಯಿ ಮುಚ್ಚಿಸಿದಳು. ಅವಳ ಹಟಕ್ಕೆ ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟಿನ ಅಡಿಯಲ್ಲಿ ಅಂಜಿಕೆಯಿತ್ತು. ಅವಳು ಒಮ್ಮೆ ಎಳೆದುಕೊಂಡರೆ ಹೊಸದಾಗಿ ಕೂಡುತ್ತಿದ್ದ ಮಾಂಸ ಬಿಚ್ಚಿಕೊಳ್ಳುತ್ತಿತ್ತು. ಆ ಹಸಿ ಮೊದಲು ಮುಟ್ಟುತ್ತಿದ್ದುದು ನನ್ನನ್ನೇ.

ಒಂದು ಸೋಮವಾರ, ಪಡಸಾಲೆ ಕಿಕ್ಕಿರಿದಿತ್ತು. ಶಶಿಕಲಾ ಅತ್ತೆಯನ್ನು ಎಡಕ್ಕೆ ಹೊರಳಿಸಿ, ದಿಂಬು ಕೊಟ್ಟು ಹೋದಳು. ಬಾಗಿಲಲ್ಲಿ ಯಂಕಪ್ಪನ ಕೆಮ್ಮು ಕೇಳಿಸಿತು. ಯಂಕಪ್ಪ ಮಾರುಕಟ್ಟೆಯ ಹಿರಿಯ ಹಮಾಲ, ಈ ಖಾನಾವಳಿಯ ಹಳೆಯ ಗಿರಾಕಿ. ಅಡಿವೆವ್ವನ ಕೈ ಸರಳು ಹಿಡಿದು ಮೈಯನ್ನು ಬಲಕ್ಕೆ ಎಳೆಯತೊಡಗಿತು. ಹಿಟ್ಟಿನ ಕೈಯಲ್ಲೇ ಓಡಿಬಂದ ಶಶಿಕಲಾ ಆ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಎಲ್ಲರ ಎದುರಿಗೇ ಅತ್ತುಬಿಟ್ಟಳು.

"ಬ್ಯಾಡ್ರಿ ಅತ್ಯಾರ. ನಿಮ್ಮ ಕಾಲಿಗೆ ಬೀಳ್ತೀನಿ. ಈ ಸಲ ನೀವು ಉಳಿಯಂಗಿಲ್ರಿ."

"ಬಿಡ ನನ್ನ ಕೈ," ಎಂದಳು ಅಡಿವೆವ್ವ ಗೋಡೆಯ ಕಡೆ ಮುಖ ಮಾಡಿಯೇ. "ಉಣ್ಣಾಕ ಬಂದ ಮಂದಿಗೆ ಬೆನ್ನ ಮಾಡಿ ಬದಕೂದಕಿಂತ ಸಾಯೂದ ಚಲೋ."

ಪಡಸಾಲೆಯಲ್ಲಿ ಎಲ್ಲರ ಕೈಯೂ ತಾಟಿನಲ್ಲೇ ನಿಂತಿತು. ಯಂಕಪ್ಪ ಹೆಗಲ ಮೇಲಿನ ಟವಲು ತೆಗೆದು ಮಂಚದ ಹತ್ತಿರ ಬಂದ. ಅವನು ಯಾವತ್ತೂ ಹೆಚ್ಚು ಮಾತಾಡಿದವನಲ್ಲ.

"ಅವ್ವಾರ, ನಿಮ್ಮ ಒಲಿ ಯಾವಾಗ ಗ್ವಾಡಿ ಬಿಟ್ಟ ಈ ಕಡೆ ಬಂದಿತ್ತರಿ?" ಎಂದ. "ನೀವು ಒಲಿ ಮುಂದ ಕುಂತ ರೊಟ್ಟಿ ಬಡಿತಿದ್ರಿ. ನಾವು ಇಲ್ಲಿ ಕುಂತ ಉಣ್ತಿದ್ವಿ. ಇಷ್ಟ ವರ್ಷ ನಿಮ್ಮ ಬೆನ್ನ ನೋಡಕೋಂತನ ಹೊಟ್ಟಿ ತುಂಬಿಸಿಕೊಂಡೀವ್ರಿ. ನಿಮ್ಮ ಮಾರಿ ನೋಡಿದರನ ನಮಗ ತುತ್ತ ಇಳಿವಲ್ತು."

ಯಾರೂ ನಗಲಿಲ್ಲ. ಅಡಿವೆವ್ವನ ಬೆರಳು ಒಂದೊಂದಾಗಿ ಸರಳನ್ನು ಬಿಟ್ಟವು. ಅವಳ ಮೈ ಎಡಕ್ಕೆ ಒರಗಿ ದಿಂಬಿನ ಮೇಲೆ ಇಳಿಯಿತು. ಬಲಗಡೆಯ ನನ್ನ ಕೊಳವೆಗಳ ಮೇಲಿದ್ದ ಭಾರ ಎದ್ದುಹೋಯಿತು. ಅವಳು ಅಳುತ್ತಿದ್ದಳು, ಅದು ನನಗೆ ಮಾತ್ರ ಗೊತ್ತಾಯಿತು. ಸ್ವಲ್ಪ ಹೊತ್ತಿಗೆ ಗೋಡೆಗೆ ಹೇಳುವಂತೆ, "ಯಂಕಪ್ಪಗ ಎರಡ ರೊಟ್ಟಿ ಹೆಚ್ಚಿಗಿ ಹಾಕ," ಎಂದಳು.

ಹುಣ್ಣು ಕೂಡಲು ಬಹಳ ಕಾಲ ಹಿಡಿಯಿತು. ನಡುವೆ ಎರಡು ಸಲ ಹಿಂದಕ್ಕೂ ಹೋಯಿತು. ತಳದಿಂದ ಮೇಲಕ್ಕೆ ಒಂದಿಷ್ಟೇ ಮಾಂಸ ತುಂಬುತ್ತ ಬಂದು ಕಡೆಗೆ ಅಲ್ಲೊಂದು ಆಳವಿಲ್ಲದ ಗುಂಡಿ ಉಳಿಯಿತು. ಆ ಜಾಗದ ಚರ್ಮ ಇನ್ನು ಯಾವತ್ತೂ ಮೊದಲಿನಷ್ಟು ಗಟ್ಟಿಯಾಗುವುದಿಲ್ಲ ಎಂದು ಶಕೀಲಾ ಸಿಸ್ಟರ್ ಎಚ್ಚರಿಸಿ ಹೋದಳು.

ಅಷ್ಟರಲ್ಲಿ ನನಗೂ ವಯಸ್ಸಾಗಿತ್ತು. ಬೆಸುಗೆ ಬಿಟ್ಟ ಕಡೆ ತೇಪೆ ಹಾಕಿದರು, ತೇಪೆಯ ಪಕ್ಕದಲ್ಲೇ ಸೋರಿದೆ. ಒಂದು ಸಾಲು ಪೂರ್ತಿ ಚಪ್ಪಟೆಯಾದ ಮೇಲೆ ಹೊಸ ಹಾಸಿಗೆ ಬಂತು. ನನ್ನನ್ನು ಒರೆಸಿ, ಮಡಚಿ, ಅಟ್ಟದ ಮೇಲೆ ಹಳೆಯ ಚೀಲಗಳ ಜೊತೆ ಇಟ್ಟರು. ಇಲ್ಲಿ ಕೆಲಸವಿಲ್ಲ, ನೆಮ್ಮದಿಯೂ ಇಲ್ಲ. ಭಾರ ಹೊತ್ತಿದ್ದಾಗ ಅವಳ ಮೈ ಎಲ್ಲಿ ಬೆಚ್ಚಗಾಗಿದೆ ಎಂದು ನನಗೆ ತಿಳಿಯುತ್ತಿತ್ತು. ಈಗ ಬರೀ ಕೇಳಿಸುತ್ತದೆ. ಕೆಳಗೆ ಗದ್ದಲ ಹೆಚ್ಚಾದ ದಿನ, ರೊಟ್ಟಿ ಬಡಿಯುವ ಸದ್ದು ನಿಲ್ಲದೆ ಸಾಗಿದ ದಿನ, ನನಗೆ ಜೀವ ಹಿಡಿಯಷ್ಟಾಗುತ್ತದೆ. ಶಶಿಕಲಾಗೆ ಇರುವುದು ಎರಡೇ ಕೈ. ಮರೆತಳೇ? ಆ ಹೊಸ ಹಾಸಿಗೆಗೆ ಏನು ಗೊತ್ತು?

ಇವತ್ತೂ ಹಾಗೇ ಕಾಯುತ್ತ ಬಿದ್ದಿದ್ದೆ. ಕೆಳಗಿನಿಂದ, ಬಾಯಿತುಂಬ ತುತ್ತಿಟ್ಟುಕೊಂಡ ಯಾರೋ ಒಬ್ಬನ ದನಿ ಬಂತು. ದನಿ ಹೊಸದು, ಗುರುತು ಹತ್ತಲಿಲ್ಲ.

"ಶಶವ್ವಾ, ನನಗ ಸಾರು ಆಮ್ಯಾಲೆ ಹಾಕುವಂತಿ. ಮೊದಲ ಅವ್ವಾರ ಮಗ್ಗಲಾ ಬದಲ ಮಾಡು."