ಕಾಯಿಲೆ ಕೇಳಲು ಬಂದವನು

ಬೂದಿಗೆರೆ ಸುತ್ತಮುತ್ತ ಬೆನ್ನಿಗೆ ಬ್ಯಾಗು ಹಾಕಿಕೊಂಡು ವಯಸ್ಸಾದವರನ್ನು ವಿಚಾರಿಸುತ್ತ ಬಂದವನೆಂದರೆ ಜಮೀನಿನ ದಲ್ಲಾಳಿಯೇ ಸರಿ ಎಂದು, ವಿಮಾನ ನಿಲ್ದಾಣ ಬಂದ ಮೇಲೆ ಊರು ತೀರ್ಮಾನಿಸಿಬಿಟ್ಟಿತ್ತು. ಅಂಥವರ ಮುಂದೆ ಕಾಯಿಲೆಯ ಮಾತೆತ್ತುವಂತಿರಲಿಲ್ಲ. ಮುದುಕ ಹಾಸಿಗೆ ಹಿಡಿಯುತ್ತಾನೆಂಬ ವಾಸನೆ ಬಡಿದರೆ ಸಾಕು, ಪಾಲು ಕೇಳಲು ದಾಯಾದಿಗಳ ಮಕ್ಕಳನ್ನು ಎತ್ತಿಕಟ್ಟುತ್ತಿದ್ದರು. ಪಿಳ್ಳಣ್ಣನ ಹೊಲ ಹೋದದ್ದು ಹಾಗೆಯೇ.

ಆದ್ದರಿಂದ ಕನ್ನಡಕದ ಆಸಾಮಿಯೊಬ್ಬ ಜಗಲಿಯ ಮೇಲೆ ಕೂತು "ಹೇಗಿದೆ ಯಜಮಾನ್ರೇ ಆರೋಗ್ಯ?" ಎಂದಾಗ ದೊಡ್ಡಬೀರಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡ.

"ಕಲ್ಲುಗುಂಡು ಇದ್ದಂಗಿದೀನಿ."

"ರಕ್ತ ತೆಳುವಾಗೋಕೆ ಮಾತ್ರೆ ತಗೋತೀರಂತೆ. ಅದ್ರಿಂದ ರಕ್ತ ಹೋಗಿದ್ದುಂಟಾ?"

ಮಾತ್ರೆಯ ಸುದ್ದಿ ಇವನಿಗೆ ಮುಟ್ಟಿಸಿದವರು ಯಾರು? ತಮ್ಮನ ಮಗ ಗೋವಿಂದರಾಜುವೇ ಇರಬೇಕು.

"ಯಾವನು ಅಂಗಂದೋನು? ರಕ್ತನೂ ಇಲ್ಲ, ಗಿಕ್ತನೂ ಇಲ್ಲ. ಬೇಕಾರೆ ಒಂದು ಸಾಲು ಉತ್ತು ತೋರುಸ್ಲಾ?"

ಬಂದವನು ಅದನ್ನೇ ಬರೆದುಕೊಂಡು ಹೋದ.

ಕೆಲವು ದಿನಗಳ ಮೇಲೆ ಮಗ ದೇವೇಂದ್ರ ಏರ್‌ಪೋರ್ಟಿನ ಗೋದಾಮಿನ ಕೆಲಸ ಮುಗಿಸಿ ಬಂದವನು, ಹೆಲ್ಮೆಟ್ಟನ್ನೂ ತೆಗೆಯದೆ ಕೂಗಾಡಿದ. "ಏನಪ್ಪಾ ನೀನು! ಅವ್ನು ನನ್ನ ಇನ್ಶೂರೆನ್ಸ್ ಕಂಪ್ನಿಯವ್ನು ಕಣಪ್ಪಾ. ಈಗ ಆಸ್ಪತ್ರೆಯೋರು ಬರೆದಿದ್ದೇ ಸುಳ್ಳು ಅಂತವ್ರೆ, ನಿನ್ನ ಆಪರೇಸನ್‌ಗೆ ದುಡ್ಡು ಕೊಡಲ್ವಂತೆ!"

ದೊಡ್ಡಬೀರಪ್ಪನ ಎದೆಬಡಿತ ಬಹಳ ದಿನಗಳಿಂದ ತಾಳ ತಪ್ಪಿತ್ತು. ಗುಂಡಿಗೆಯ ಮೂಲೆಯ ಚೀಲದಂಥ ಸಂದಿನಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೇರಿದರೆ ಲಕ್ವ ಹೊಡೆಯುತ್ತದೆ ಎಂದಿದ್ದರು ಡಾಕ್ಟರು. ಮಾತ್ರೆ ನುಂಗಿದರೆ ಹೊಟ್ಟೆಯೊಳಗೆ ರಕ್ತ ಒಸರುತ್ತಿತ್ತು. ಉಳಿದ ದಾರಿಯೆಂದರೆ, ತೊಡೆಯ ರಕ್ತನಾಳದಿಂದ ಹೋಗಿ ಆ ಸಂದಿಗೆ ಬಿರಡೆ ಹಾಕುವುದು. ಮಾತ್ರೆ ಒಗ್ಗದವರಿಗೆ ಮಾತ್ರ ಕಂಪನಿ ಅದರ ಖರ್ಚು ಕೊಡುತ್ತಿತ್ತು. ರಕ್ತ ಹೋಗಿಲ್ಲವೆಂದು ಹೇಳಿ, ದೊಡ್ಡಬೀರಪ್ಪ ಮಾತ್ರೆಯನ್ನು ತನ್ನ ಬಾಯಿಂದಲೇ ಒಗ್ಗಿಸಿಕೊಂಡಿದ್ದ.

ದೇವೇಂದ್ರ ಅಂಗಲಾಚಿ ಕನ್ನಡಕದವನನ್ನು ಮತ್ತೆ ಕರೆತಂದ. ಈ ಸಲ ಅನುಮಾನ ಅವನದಾಗಿತ್ತು.

"ಅವತ್ತು ಇಲ್ಲ ಅಂದ್ರಿ, ಇವತ್ತು ಇದೆ ಅಂತೀರಿ. ಯಾವುದನ್ನ ನಂಬ್ಲಿ?"

"ನಿನ್ನನ್ನ ಜಮೀನು ದಲ್ಲಾಳಿ ಅನ್ಕಂಡೆ ಕಣಪ್ಪಾ."

"ಕರ್‍ರಗೆ ಹೋಯ್ತಿತ್ತು ಸ್ವಾಮಿ ಹೊರಕಡೆಗೆ, ಆ ಮಾತ್ರೆ ನುಂಗ್ದಾಗಿಂದ," ಎಂದಳು ಹೆಂಡತಿ ಮುನಿಗಂಗಮ್ಮ ಬಾಗಿಲ ಮರೆಯಿಂದ. "ಬಚ್ಚಲಲ್ಲೇ ಬಿದ್ದೋಗಿದ್ರು. ಆಸ್ಪತ್ರೇಲಿ ಬೇರೆಯೋರ ರಕ್ತ ಏರ್ಸಿದ್ರು. ಜಂಬಕ್ಕೇನೂ ಕಮ್ಮಿ ಇಲ್ಲ."

ದೊಡ್ಡಬೀರಪ್ಪ ನೆಲ ನೋಡಿದ. "ಅವ್ಳು ಹೇಳಿದ್ದು ನಿಜ," ಎಂದ, ಕಷ್ಟಪಟ್ಟು.

ಆಸಾಮಿ ಬರೆದು ಮುಗಿಸಿ ಹಾಳೆ ಮುಂದೆ ಚಾಚಿದ. "ಸೈನ್ ಹಾಕಿ. ಮೇಲಿನೋರಿಗೆ ಕಳಿಸ್ತೀನಿ."

"ದೇವೇಂದ್ರ, ಪೂರ್ತಿ ಓದು ಕಣ್ಲಾ."

ಮಗ ಓದಿದ.

"ಸರ್ವೆ ನಂಬರ್ ಗಿಂಬರ್ ಎಲ್ಲೂ ಇಲ್ವಾ?"

"ಇಲ್ಲ ಕಣಪ್ಪಾ!"

"ಹಿಂದ್ಗಡೆ?"

ಹಿಂದುಗಡೆ ಖಾಲಿಯಿತ್ತು. ಖಾಲಿ ಇದ್ದದ್ದೇ ದೊಡ್ಡಬೀರಪ್ಪನಿಗೆ ಸರಿಬರಲಿಲ್ಲ. ಆ ಬದಿಗೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಹೊಡೆದುಹಾಕಿ, ಆಮೇಲೆ ಹಾಳೆ ಮಗುಚಿ ಸೈನು ಹಾಕಿದ.